ಬೆಟ್ಟಕ್ಕೆ ಹೊರಟಿರಾ? ಮೊದಲು ಡೇರೆ ನೋಡಿ

ಮಳೆ ಹಿಂದೆ ಸರಿದು ಪಶ್ಚಿಮ ಘಟ್ಟದ ಬೆಟ್ಟಗಳು ಹಸಿರಾಗಿ ನಿಂತಾಗ ಮನೆಮನೆಗಳಲ್ಲಿ ಚಾರಣದ ಮಾತು ಏಳುತ್ತದೆ. ಗಂಡಸರು, ಹುಡುಗರು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾರೆ. "ಹೆಂಗಸರು ರಾತ್ರಿ ಎಲ್ಲಿ ಮಲಗುವುದು? ಬಟ್ಟೆ ಎಲ್ಲಿ ಬದಲಿಸುವುದು? ನಮಾಝ್ ಎಲ್ಲಿ?" ಎಂಬ ಪ್ರಶ್ನೆ ಬಂದೊಡನೆ ನಮ್ಮ ಪ್ರವಾಸ ಹೊಸ್ತಿಲಲ್ಲೇ ನಿಲ್ಲುತ್ತದೆ. ಈ ಪ್ರಶ್ನೆಗಳಿಗೆ ಅರ್ಧ ಉತ್ತರ ಸರಿಯಾದ ಡೇರೆಯಲ್ಲಿದೆ. ಆದ್ದರಿಂದ ಸಹೋದರಿಯರೇ, ಟೆಂಟ್ ಆರಿಸುವ ಕೆಲಸವನ್ನು ಗಂಡಸರಿಗೆ ಮಾತ್ರ ಬಿಟ್ಟುಕೊಡಬೇಡಿ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುವಾಗ ಚರ್ಮದ ಡೇರೆಗಳನ್ನೂ ಹೆಸರಿಸಿದ್ದಾನೆ. ಅವು ಪಯಣದ ದಿನವೂ ತಂಗುವ ದಿನವೂ ಹಗುರವಾಗಿರುತ್ತವೆ ಎಂಬುದು ಅಲ್ಲಿ ಬಂದಿರುವ ಗುಣ. ಇಂದು ಅಂಗಡಿಯಲ್ಲಿ ನಿಂತು ನೋಡಬೇಕಾದುದೂ ಅದನ್ನೇ: ಹೊರಲು ಹಗುರ, ಕಟ್ಟಲು ಸುಲಭ.

ಎಷ್ಟು ಜನ, ಎಷ್ಟು ಡೇರೆ?

ಟೆಂಟಿನ ಮೇಲೆ "4 ಜನರಿಗೆ" ಎಂದು ಬರೆದಿದ್ದರೆ ನಾಲ್ವರು ಮೈಗೆ ಮೈ ತಾಗಿಸಿ ಮಲಗಬಹುದು ಎಂದರ್ಥ. ಚೀಲಗಳ ಲೆಕ್ಕ ಅದರಲ್ಲಿಲ್ಲ. ಆದ್ದರಿಂದ ಬರೆದ ಸಂಖ್ಯೆಯಿಂದ ಒಂದನ್ನು ಕಳೆಯಿರಿ. ನಾಲ್ವರು ಮಹಿಳೆಯರು, ಇಬ್ಬರು ಮಕ್ಕಳು, ಮೂವರು ಗಂಡಸರ ತಂಡಕ್ಕೆ 4 ಜನರ ಮೂರು ಡೇರೆಗಳು ಸಾಕು. ಎರಡರಲ್ಲಿ ಇಬ್ಬಿಬ್ಬರು ಮಹಿಳೆಯರು ಮತ್ತು ಒಂದೊಂದು ಮಗು, ಮೂರನೆಯದರಲ್ಲಿ ಗಂಡಸರು.

ಎಲ್ಲರಿಗೂ ಸೇರಿ ಒಂದೇ ದೊಡ್ಡ ಟೆಂಟ್ ಅಗ್ಗವಾಗಿ ಕಾಣಬಹುದು. ಆದರೆ ಅದಕ್ಕೆ ದೊಡ್ಡ ಸಮತಟ್ಟು ಜಾಗ ಬೇಕು. ಗಾಳಿಗೆ ಒಂದು ಕೋಲು ಮುರಿದರೆ ಇಡೀ ತಂಡ ಬಯಲಿಗೆ ಬೀಳುತ್ತದೆ. ಹೆಂಗಸರಿಗೆ ಪ್ರತ್ಯೇಕತೆಯೂ ಸಿಗುವುದಿಲ್ಲ. ಸಣ್ಣ ಡೇರೆಗಳಾದರೆ ಹೊರೆಯನ್ನೂ ಹಂಚಿಕೊಳ್ಳಬಹುದು. ನಾಲ್ಕೂವರೆ ಕಿಲೋ ತೂಗುವ ಟೆಂಟಿನ ಬಟ್ಟೆ, ಹೊದಿಕೆ, ಕೋಲುಗಳನ್ನು ಮೂವರು ಹೊತ್ತರೆ ತಲಾ ಒಂದೂವರೆ ಕಿಲೋ ಅಷ್ಟೆ.

ಮಳೆ, ಮಂಜು, ಗಾಳಿ

ಘಟ್ಟದಲ್ಲಿ ಮಳೆಗಾಲ ಮುಗಿದ ಮೇಲೂ ಸಂಜೆ ಮಳೆ ಬರುವುದುಂಟು. ಒಂದೇ ಪದರದ ಟೆಂಟಿನಲ್ಲಿ ನಮ್ಮ ಉಸಿರಿನ ತೇವವೇ ಒಳಬದಿಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆ ಬೀಳುತ್ತದೆ. ಒಳಗೆ ಗಾಳಿಯಾಡುವ ಬಟ್ಟೆ, ಹೊರಗೆ ಪ್ರತ್ಯೇಕ ಮಳೆಹೊದಿಕೆ ಇರುವ ಎರಡು ಪದರದ್ದನ್ನೇ ಕೊಳ್ಳಿ. ಬಟ್ಟೆ ನೀರನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮಿಲಿಮೀಟರಿನಲ್ಲಿ ನಮೂದಿಸಿರುತ್ತಾರೆ; ಹೊದಿಕೆಗೆ 2000 ಅಥವಾ ಹೆಚ್ಚಿದ್ದರೆ ಒಳ್ಳೆಯದು. ಹೊಲಿಗೆಗಳ ಒಳಬದಿಗೆ ಪಟ್ಟಿ ಅಂಟಿಸಿದೆಯೇ ನೋಡಿ. ಅಲ್ಯೂಮಿನಿಯಂ ಕೋಲು ಫೈಬರ್ ಗ್ಲಾಸ್‌ಗಿಂತ ದುಬಾರಿ, ಆದರೆ ಹಗುರ ಮತ್ತು ಗಟ್ಟಿ. ಸೊಳ್ಳೆಬಲೆಯ ಬಾಗಿಲಿಗೆ ಜಿಪ್ ಪೂರ್ತಿ ಮುಚ್ಚಬೇಕು. ಜಿಗಣೆ, ಹಾವು, ಚೇಳುಗಳಿಗೆ ಸಣ್ಣ ಸಂದಿಯೇ ಸಾಕು.

ಹೊರಡುವ ವಾರ ಮೊದಲು ಅಂಗಳದಲ್ಲೋ ತಾರಸಿಯಲ್ಲೋ ಒಮ್ಮೆ ಕಟ್ಟಿ, ಮೇಲಿನಿಂದ ಎರಡು ಕೊಡ ನೀರು ಸುರಿದು ನೋಡಿ. ಎಲ್ಲಿ ಸೋರುತ್ತದೆಂದು ಮನೆಯಲ್ಲೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ಹೋಗುವವರು ಬಾಡಿಗೆಗೆ ತರುವುದೇ ಲೇಸು. ಆಗಲೂ ಈ ಪರೀಕ್ಷೆ ಬಿಡಬೇಡಿ.

ಪರ್ದಾ ಮತ್ತು ನಮಾಝ್

ರಾತ್ರಿ ಡೇರೆಯೊಳಗೆ ದೀಪ ಉರಿಸಿದರೆ ಒಳಗಿರುವವರ ನೆರಳು ಹೊರಗೆ ಚಿತ್ರದಂತೆ ಕಾಣುತ್ತದೆ. ಇದು ಅನೇಕರಿಗೆ ಹೊಳೆಯುವುದೇ ಇಲ್ಲ. ಮಹಿಳೆಯರ ಡೇರೆಗೆ ಗಾಢ ಬಣ್ಣದ ಹೊದಿಕೆ ಆರಿಸಿ, ಬಟ್ಟೆ ಬದಲಿಸುವಾಗ ಟಾರ್ಚ್ ಆರಿಸಿ. ಎರಡು ಬಾಗಿಲಿದ್ದರೆ ತಹಜ್ಜುದ್‌ಗೆ ಏಳುವವರು ಮಲಗಿದವರನ್ನು ದಾಟಬೇಕಿಲ್ಲ. ಹೊದಿಕೆ ಮುಂದಕ್ಕೆ ಚಾಚಿ ಜಗಲಿಯಂತಿದ್ದರೆ ಕೆಸರಿನ ಚಪ್ಪಲಿ ಹೊರಗೇ ಉಳಿಯುತ್ತದೆ.

ಬೆನ್ನ ಮೇಲೆ ಹೊರುವ ಡೇರೆಗಳಲ್ಲಿ ನೇರವಾಗಿ ನಿಲ್ಲಲಾಗದು. ಆದ್ದರಿಂದ ಒಂದು ಹಗುರ ಟರ್ಪಾಲು, ಹಗ್ಗ ಮತ್ತು ಹಳೆಯ ಸೀರೆಯನ್ನು ಜೊತೆಗಿಡಿ. ಎರಡು ಮರಗಳ ನಡುವೆ ಕಟ್ಟಿದರೆ ಮಹಿಳೆಯರಿಗೆ ಮರೆಯುಳ್ಳ ನಮಾಝ್ ಸ್ಥಳ ಸಿದ್ಧ. ನಮ್ಮ ಘಟ್ಟಗಳಲ್ಲಿ ಖಿಬ್ಲಾ ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲುತ್ತದೆ. ಸೂರ್ಯ ಮುಳುಗುವಾಗಲೇ ದಿಕ್ಕು ಗುರುತಿಸಿಡಿ.

ಬೆಂಕಿಯ ಎಚ್ಚರ

ಡೇರೆಯೊಳಗೆ ಒಲೆ ಬೇಡವೇ ಬೇಡ. 1997ರ ಏಪ್ರಿಲ್ 15ರಂದು ಮಿನಾದಲ್ಲಿ ಹೊತ್ತಿದ ಬೆಂಕಿಗೆ ಸುಮಾರು 70 ಸಾವಿರ ಡೇರೆಗಳು ಸುಟ್ಟು, 343 ಹಜ್ ಯಾತ್ರಿಕರು ಮೃತಪಟ್ಟರು. ಆ ಬಳಿಕವೇ ಅಲ್ಲಿ ಬೆಂಕಿ ತಡೆಯುವ ಡೇರೆಗಳು ಬಂದವು. ನಾವು ಕೊಳ್ಳುವ ನೈಲಾನ್, ಪಾಲಿಯೆಸ್ಟರ್ ಟೆಂಟುಗಳು ಅಂತಹವಲ್ಲ; ಕರಗಿ ಮೈಗೆ ಅಂಟಿಕೊಳ್ಳುತ್ತವೆ. ಚಳಿಯೆಂದು ಕೆಂಡದ ಬಾಣಲೆಯನ್ನು ಒಳಗಿಟ್ಟು ಮಲಗಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂಬ ಪ್ರವಾದಿ(ಸ)ರ ಆದೇಶ ಡೇರೆಗೂ ಅನ್ವಯಿಸುತ್ತದೆ.

ಎಲ್ಲಿ ಕಟ್ಟಬೇಕು?

ರಾತ್ರಿ ತಂಗುವಾಗ ದಾರಿಯನ್ನು ಬಿಟ್ಟು ಇಳಿದುಕೊಳ್ಳಬೇಕು, ಅದು ಪ್ರಾಣಿ, ಕ್ರಿಮಿಗಳು ಓಡಾಡುವ ಜಾಗ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಇಂದಿನ ಅರಣ್ಯ ಸಿಬ್ಬಂದಿಯೂ ಇದನ್ನೇ ಹೇಳುತ್ತಾರೆ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಡೇರೆ ವಾಸಕ್ಕೆ ಬಂದಿದ್ದ ಯುವತಿಯೊಬ್ಬಳು ಕಾಡಾನೆಯ ದಾಳಿಗೆ ಬಲಿಯಾದಳು. ಎಷ್ಟೇ ಒಳ್ಳೆಯ ಟೆಂಟ್ ಆದರೂ ಅದು ಬಟ್ಟೆಯೇ, ಗೋಡೆಯಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದ ಕಡೆ ತಂಗಬೇಡಿ. ಬಹಳ ಕಡೆ ಬೆಟ್ಟದ ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಅಂತಹ ಕಡೆ ಬುಡದ ಮನೆಗಳ ಅಂಗಳದಲ್ಲಿ ಕೇಳಿ ಕಟ್ಟಿಕೊಳ್ಳಿ. ತೊರೆಯ ಪಾತ್ರ, ಒಣಗಿದ ಮರದ ಅಡಿ, ಗಾಳಿಗೆ ತೆರೆದ ನೆತ್ತಿ ಬೇಡ. ಅಡುಗೆಯ ಜಾಗ ಡೇರೆಯಿಂದ ದೂರವಿರಲಿ.

ಮೂವರು ಪಯಣ ಹೊರಟರೂ ಒಬ್ಬರನ್ನು ನಾಯಕರಾಗಿ ಆರಿಸಬೇಕೆಂಬುದು ಪ್ರವಾದಿ(ಸ)ರ ಶಿಕ್ಷಣ. ತಂಡಕ್ಕೊಬ್ಬ ಅಮೀರ್ ಇರುವಂತೆ ಪ್ರತಿ ಡೇರೆಗೂ ಒಬ್ಬರು ಹೊಣೆಯಿರಲಿ. ಕೋಲು, ಗೂಟಗಳ ಲೆಕ್ಕ ಅವರದು.

ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಶುಶ್ರೂಷೆಗೆಂದು ಇರಿಸಿದ್ದು ಮಸೀದಿಯ ಬಳಿ ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ. ಅಂತಹ ಪರಂಪರೆಯ ಹೆಣ್ಣುಮಕ್ಕಳು ನಾವು. ನಿಮ್ಮ ಮಗಳಿಗೂ ಗೂಟ ಹೊಡೆಯಲು, ಹಗ್ಗ ಬಿಗಿಯಲು ಕಲಿಸಿ. ಇನ್ ಶಾ ಅಲ್ಲಾಹ್, ಮುಂದಿನ ಸಲ ಬೆಟ್ಟದ ಮಾತು ಬಂದಾಗ "ನೀವು ಮನೆಯಲ್ಲೇ ಇರಿ" ಎನ್ನಲು ಯಾರಿಗೂ ಕಾರಣ ಸಿಗದು.