ಮಲ್ಪೆಯಾಚೆ ಕಲ್ಲುಕಂಬಗಳ ತೆಂಗಿನ ದ್ವೀಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರನ್ನು ‘ಬನ್ನಿ, ತೆಂಗಿನ ಮರ ತೋರಿಸುತ್ತೇವೆ’ ಎಂದು ಕರೆದರೆ ನಕ್ಕಾರು. ಹಿತ್ತಲಲ್ಲಿ ತೆಂಗು, ಅಟ್ಟದ ಮೇಲೆ ಕೊಬ್ಬರಿ, ನಾಲ್ಕು ಜನ ಸೇರಿದರೆ ಎಪಿಎಂಸಿ ಧಾರಣೆಯ ಮಾತು. ಬದುಕೆಲ್ಲ ಅದರಲ್ಲೇ ಇರುವ ಸೀಮೆ ಇದು. ಆದರೂ ಈ ಸೀಮೆಯವರು ಒಮ್ಮೆ ನೋಡಿ ಬರಬೇಕಾದ ತೆಂಗಿನ ನೆಲವೊಂದು ಅರಬ್ಬಿ ಸಮುದ್ರದ ಒಳಗಿದೆ. ಉಡುಪಿ ಪಕ್ಕದ ಮಲ್ಪೆ ಬಂದರಿನಿಂದ ಸುಮಾರು ಆರು ಕಿಲೋಮೀಟರ್ ದೂರ, ದೋಣಿಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಸೇಂಟ್ ಮೇರೀಸ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ತೆಂಗಿನ ದ್ವೀಪ ಅದು. ಮರಗಳನ್ನು ನೋಡಲೆಂದೇ ಹೋದರೆ ನಮ್ಮ ಕಡೆಯವರಿಗೆ ಅಲ್ಲಿ ಹೊಸದೇನೂ ಸಿಗದು. ಅಲ್ಲಿ ನೋಡಬೇಕಾದದ್ದು ಮರದ ಬುಡದಲ್ಲಿರುವ ಕಲ್ಲನ್ನು.

ನಾಲ್ಕು ದ್ವೀಪ, ಒಂದೂ ಮನೆಯಿಲ್ಲ

ದಡಕ್ಕೆ ಸಮಾನಾಂತರವಾಗಿ ಉತ್ತರ-ದಕ್ಷಿಣಕ್ಕೆ ಚಾಚಿಕೊಂಡ ದ್ವೀಪಸಾಲು ಇದು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂದು ಮುಖ್ಯವಾದವು ನಾಲ್ಕು. ಇವುಗಳ ಸುತ್ತ ಅಲೆ ಇಳಿದಾಗ ತಲೆ ಎತ್ತುವ, ಏರಿದಾಗ ಮುಳುಗುವ ಬಂಡೆಗಳು ಬೇಕಾದಷ್ಟಿವೆ. ಊರಿನವರ ಬಾಯಲ್ಲಿ ಈ ಇಡೀ ಸಾಲು ‘ತೋನ್ಸೆಪಾರ್’. ದೊಡ್ಡದೆನ್ನುವ ತೆಂಗಿನ ದ್ವೀಪವೇ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ. ತಿಪಟೂರು ಸೀಮೆಯ ಒಬ್ಬ ದೊಡ್ಡ ಹಿಡುವಳಿದಾರನ ತೋಟಕ್ಕಿಂತ ಹೆಚ್ಚಿನ ವಿಸ್ತೀರ್ಣವೇನೂ ಅಲ್ಲ. ಸಮುದ್ರಮಟ್ಟದಿಂದ ಅತಿ ಎತ್ತರದ ಜಾಗವೂ ಹತ್ತು ಮೀಟರಿನ ಆಸುಪಾಸು.

ಇಲ್ಲಿ ಯಾರೂ ವಾಸವಿಲ್ಲ. ಊರಿಲ್ಲ, ಒಕ್ಕಲಿಲ್ಲ, ರಾತ್ರಿ ತಂಗಲು ಅವಕಾಶವಿಲ್ಲ. ಬೆಳಿಗ್ಗೆ ಬಂದವರು ಸಂಜೆಯ ದೋಣಿಗೆ ಹಿಂದಿರುಗಲೇಬೇಕು. ಮಳೆಗಾಲ ಹಿಡಿಯಿತೆಂದರೆ ದೋಣಿಯೂ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪದ ಪಾಲಿಗೆ ಮಳೆ, ಗಾಳಿ, ಅಲೆ, ಹಕ್ಕಿ ಇಷ್ಟೇ.

ದಂಡೆಯಲ್ಲಿ ಮಲ್ಪೆಯಂತಹ ಹರವಾದ ಮರಳಿಲ್ಲ. ಇರುವುದು ಅಲೆಗೆ ಸಿಕ್ಕಿ ನುರಿದ ಕಪ್ಪೆಚಿಪ್ಪು, ಶಂಖದ ಚೂರುಗಳ ರಾಶಿ. ಅದನ್ನು ದಾಟಿ ಪಶ್ಚಿಮದ ಅಂಚಿಗೆ ಹೋದರೆ ಕಂಬಗಳು ಎದುರಾಗುತ್ತವೆ. ನೆಟ್ಟಗೆ ನಿಂತವು, ವಾಲಿದವು, ಮುರಿದು ಬಿದ್ದವು, ತಲೆ ಮಾತ್ರ ಉಳಿದು ನೆಲಹಾಸಿನಂತೆ ಕಾಣುವವು. ಹೆಚ್ಚಿನವಕ್ಕೆ ಆರು ಮೂಲೆ. ಐದು, ಏಳು ಮೂಲೆಯವೂ ಇವೆ. ಕೆಲವು ಕಡೆ ಎತ್ತರ ಆರು ಮೀಟರಿನವರೆಗೆ ಹೋಗುತ್ತದೆ. ಉಳಿ ತಾಕದ ಕಲ್ಲು ಇಷ್ಟು ಲೆಕ್ಕಾಚಾರವಾಗಿ ನಿಲ್ಲಬಲ್ಲದೆಂದು ಕಣ್ಣಾರೆ ಕಂಡರೂ ಥಟ್ಟನೆ ನಂಬಿಕೆ ಬರುವುದಿಲ್ಲ.

ಕಲ್ಲು ಕಂಬವಾದ ಬಗೆ

ಇದರ ಹಿಂದಿನ ಕ್ರಿಯೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಾವೆಲ್ಲ ಕಂಡದ್ದೇ. ನೀರು ಆರಿದಂತೆ ಕೆರೆಯಂಗಳದ ಕೆಸರು ಕುಗ್ಗುತ್ತದೆ, ಕುಗ್ಗಲು ಜಾಗ ಸಾಲದೆ ಬಿರಿಯುತ್ತದೆ, ಬಿರುಕುಗಳು ಕೂಡಿ ಬಹುಮೂಲೆಯ ಹೆಂಟೆಗಳಾಗುತ್ತವೆ. ಇಲ್ಲಿ ಕೆಸರಿನ ಬದಲು ಲಾವಾ, ನೀರು ಆರುವ ಬದಲು ಶಾಖ ಇಳಿಯುವುದು. ಭೂಮಿಯ ಒಳಗಿನಿಂದ ಉಕ್ಕಿ ಹರಡಿದ ಲಾವಾ ಮೇಲಿನಿಂದಲೂ ಕೆಳಗಿನಿಂದಲೂ ತಣಿಯತೊಡಗಿ ಕುಗ್ಗಿತು. ಕುಗ್ಗುವ ಎಳೆತ ಎಲ್ಲ ದಿಕ್ಕಿಗೂ ಸಮನಾಗಿದ್ದಾಗ ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡುತ್ತವೆ. ಅದರಿಂದ ಆರು ಮೂಲೆ. ತಣಿಯುವಿಕೆ ಒಳಕ್ಕಿಳಿದಂತೆ ಬಿರುಕೂ ಅದರ ಬೆನ್ನುಹತ್ತಿ ಇಳಿಯುತ್ತದೆ. ಹೀಗೆ ಮೇಲ್ಮೈಯ ಚಿತ್ತಾರ ಆಳಕ್ಕಿಳಿದು ಕಂಬವಾಯಿತು. ಆಮೇಲೆ ಸಂದುಗಳಿಗೆ ಸಮುದ್ರ ನುಗ್ಗಿ ಒಂದೊಂದಾಗಿ ಕಂಬಗಳನ್ನು ಬಿಡಿಸಿತು.

ಪ್ರವಾಸಿಗರ ಬಾಯಲ್ಲಿ ಇದು ‘ಬಸಾಲ್ಟ್ ಕಲ್ಲು’. ಭೂವಿಜ್ಞಾನಿಗಳು ಪರೀಕ್ಷಿಸಿ ಕಂಡುಕೊಂಡದ್ದು ಬೇರೆ. ಬಸಾಲ್ಟಿಗಿಂತ ಸಿಲಿಕಾ ಅಂಶ ಹೆಚ್ಚಿರುವ, ರಯೋಲೈಟ್ ಮತ್ತು ಡಸೈಟ್ ನಡುವಿನ ರಯೋಡಸೈಟ್ ವರ್ಗದ ಶಿಲೆ ಇದು. ಸಿ. ನಾಗಣ್ಣ ಅವರು 1966ರಲ್ಲೇ, ನಮ್ಮದಿನ್ನೂ ಮೈಸೂರು ರಾಜ್ಯವಾಗಿದ್ದಾಗ, ಈ ಶಿಲೆಗಳ ಅಧ್ಯಯನವನ್ನು ಪ್ರಕಟಿಸಿದ್ದರು. ಮಹಾರಾಷ್ಟ್ರದಿಂದ ಬೆಳಗಾವಿ, ವಿಜಯಪುರದವರೆಗೆ ಹಾಸಿಕೊಂಡಿರುವ ದಖ್ಖನ್ ಲಾವಾಕ್ಕೂ ಇದಕ್ಕೂ ಸಂಬಂಧವಿಲ್ಲ. ದಖ್ಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ದ್ವೀಪದ ಶಿಲೆ ಅದಕ್ಕಿಂತ ಹಿಂದಿನದು.

ಮಡಗಾಸ್ಕರ್ ಬೇರೆಯಾದ ಕಾಲ

ಎಷ್ಟು ಹಿಂದಿನದು? ಬೇರೆ ಬೇರೆ ವಿಧಾನದಲ್ಲಿ ಅಳೆದವರಿಗೆ ಸುಮಾರು 8.5 ಕೋಟಿಯಿಂದ 9.3 ಕೋಟಿ ವರ್ಷಗಳ ನಡುವಿನ ಲೆಕ್ಕಗಳು ಸಿಕ್ಕಿವೆ. ಈ ಅಂಕಿಗೆ ಇರುವ ತೂಕ ದೊಡ್ಡದು. ಮಡಗಾಸ್ಕರ್ ದ್ವೀಪದಲ್ಲೂ ಇದೇ ಕಾಲದ ಲಾವಾ ವಿಸ್ತಾರವಾಗಿ ಹರಡಿದೆ. ಆಗ ಭಾರತ ಮತ್ತು ಮಡಗಾಸ್ಕರ್ ಅಂಟಿಕೊಂಡೇ ಇದ್ದವು. ಭೂಮಿಯ ಆಳದಿಂದ ಬಿಸಿ ಶಿಲಾದ್ರವ ಚಿಮ್ಮುವ ತಾಣವೊಂದು ಇವೆರಡರ ಅಡಿಯಲ್ಲಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. ಇಂದು ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿರುವ ಮರಿಯಾನ್ ದ್ವೀಪದ ಹೆಸರಿನಿಂದ ಅದನ್ನು ಕರೆಯುತ್ತಾರೆ. ನೆಲ ಬಿರಿಯಿತು, ಲಾವಾ ಉಕ್ಕಿತು, ನಡುವೆ ಸಮುದ್ರ ಬಂತು. ಮಡಗಾಸ್ಕರ್ ಆಫ್ರಿಕದ ಮಗ್ಗುಲಲ್ಲೇ ಉಳಿಯಿತು. ಭಾರತ ಉತ್ತರಕ್ಕೆ ಸರಿದು, ಮುಂದೆ ಏಷ್ಯಾಕ್ಕೆ ಒತ್ತಿ ಹಿಮಾಲಯ ಎಬ್ಬಿಸಿತು. ಆ ಪಾಲು ಹಿಸ್ಸೆಯ ದಾಖಲೆ ನಮ್ಮ ಕಡೆ ಉಳಿದಿರುವುದು ಮಲ್ಪೆಯ ಈ ಕಂಬಗಳಲ್ಲಿ. ಕರ್ನಾಟಕ, ಕೇರಳಗಳ ಒಳನಾಡಿನ ಕೆಲವು ಡೈಕುಗಳೂ, ಅಂದರೆ ಹಳೆಯ ಬಂಡೆಯ ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಕರಿಗಲ್ಲಿನ ಪಟ್ಟಿಗಳೂ, ಇದೇ ಕಾಲದವೆಂದು ತಿಳಿದುಬಂದಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದು ಇದಕ್ಕಾಗಿಯೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕೂಡ ಇದೇ ಪಟ್ಟಿಯಲ್ಲಿವೆ. ಇಂಥದೇ ಕಂಬಗಳಿರುವ ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ 1986ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ತಾಣವಾಗಿದೆ. ವಯಸ್ಸಿನಲ್ಲಿ ಅದು ನಮ್ಮದಕ್ಕಿಂತ ಕಿರಿಯದು.

ನಮ್ಮ ಕಲ್ಲಿನ ಮುಂದೆ

ಒಂಬತ್ತು ಕೋಟಿ ವರ್ಷವೆಂದರೆ ತಲೆ ತಿರುಗುತ್ತದೆ, ನಿಜ. ಆದರೆ ತಿಪಟೂರು ಸೀಮೆಯ ತೋಟಗಳ ಅಡಿಯಲ್ಲಿರುವ ನೈಸ್ ಬಂಡೆಯ ಮುಂದೆ ಅದು ತೀರಾ ಎಳೆಯದು. ಇಲ್ಲಿನ ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ಕಬ್ಬಿಣ, ಮ್ಯಾಂಗನೀಸ್ ಅದಿರಿಗೆ ಹೆಸರಾದ ಚಿಕ್ಕನಾಯಕನಹಳ್ಳಿಯ ಗುಡ್ಡಸಾಲೂ ಅಷ್ಟೇ ಪುರಾತನ. ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ ಗುಡಿಯಿದೆ, ಗಂಗಾಧರೇಶ್ವರ ಗುಡಿಯಲ್ಲಿ ನುಣ್ಣಗೆ ಹೊಳೆಯುವ ಕರಿಕಲ್ಲಿನ ನಂದಿಯಿದೆ. ಕಲ್ಲನ್ನು ಒಲಿಸಿಕೊಂಡ ಕೈಗಳ ಕೆಲಸ ಅದು. ಅದನ್ನು ಕಂಡು ಬೆಳೆದವರಿಗೆ ಕೈಯೇ ಸೋಕದೆ ಕಂಬವಾದ ಕಲ್ಲು ಇನ್ನಷ್ಟು ಸೋಜಿಗ.

ಮರದ ವಿಷಯದಲ್ಲೂ ಹೋಲಿಸಿ ನೋಡಬಹುದು. ಉಪ್ಪುಗಾಳಿ ತೆಂಗಿಗೆ ಶತ್ರುವಲ್ಲ. ಈ ಮರಕ್ಕೆ ಕ್ಲೋರಿನ್ ಅಂಶ ಬೇಕು. ಕರಾವಳಿಯಲ್ಲಿ ಅದನ್ನು ಸಮುದ್ರವೇ ಒದಗಿಸುತ್ತದೆ. ಒಳನಾಡಿನ ಕೆಲವು ರೈತರು ಬುಡಕ್ಕೆ ಉಪ್ಪು ಹಾಕುವ ರೂಢಿಗೂ ಇದೇ ಆಧಾರ. ಆದರೆ ಉಂಡೆ ಕೊಬ್ಬರಿಗೆ ಬೇಕಾದ್ದು ಒಣಹವೆ. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಗಿಟಕು ತಾನಾಗಿ ಚಿಪ್ಪು ಬಿಡುವವರೆಗೆ ಕಾಯುವ ಕಸುಬು ಕರಾವಳಿಯ ತೇವದಲ್ಲಿ ಸುಲಭವಲ್ಲ. ಸಮುದ್ರದ ಮರ ಸಮುದ್ರದಿಂದ ಇಷ್ಟು ದೂರ ಬಂದು ತಿಪಟೂರಿನಲ್ಲಿ ಬೇರೆಯೇ ಬದುಕು ಕಟ್ಟಿಕೊಂಡಿದೆ ಎಂಬುದು ಆ ದ್ವೀಪದಲ್ಲಿ ನಿಂತಾಗ ಮನದಟ್ಟಾಗುತ್ತದೆ.

ಹೆಸರು ಬಿಟ್ಟುಹೋದ ಗಾಮ

ವಾಸ್ಕೊ ಡ ಗಾಮ ಮೊದಲು ಇಲ್ಲಿಗೆ ಬಂದು ಆಮೇಲೆ ಕಲ್ಲಿಕೋಟೆಗೆ ಹೋದ ಎಂಬ ಮಾತು ಚಾಲ್ತಿಯಲ್ಲಿದೆ. ಆದದ್ದು ಹಿಂದುಮುಂದು. ಆಫ್ರಿಕದ ಮಾಲಿಂದಿಯಿಂದ ನೇರ ಸಮುದ್ರ ದಾಟಿ ಆತ 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಕರಾವಳಿ ಮುಟ್ಟಿದ. ಅಲ್ಲಿಂದ ಮರಳುವಾಗ, ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಉತ್ತರಕ್ಕೆ ಸಾಗುತ್ತಾ ದಡದ ಬಳಿಯ ದ್ವೀಪದಲ್ಲಿ ಪೋರ್ಚುಗೀಸ್ ದೊರೆ ಕೊಟ್ಟಿದ್ದ ಗುರುತುಗಂಬವೊಂದನ್ನು ನೆಟ್ಟ. ಅದಕ್ಕೆ ಸಾಂತಾ ಮರಿಯಾ ಎಂದು ಹೆಸರು. ಆ ಕಂಬ ಈಗಿಲ್ಲ. ಹೆಸರು ಮಾತ್ರ ಇಂಗ್ಲಿಷ್ ರೂಪದಲ್ಲಿ ಉಳಿದಿದೆ.

ಹೋಗುವವರಿಗೆ

ತಿಪಟೂರಿನ ನಡುವೆ ಹಾಯುವ ರಾಷ್ಟ್ರೀಯ ಹೆದ್ದಾರಿ 73 ಅರಸೀಕೆರೆ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿಯ ಮೂಲಕ ಮಂಗಳೂರು ಕಡೆಗೆ ಇಳಿಯುತ್ತದೆ. ಹಾಸನ, ಸಕಲೇಶಪುರ, ಶಿರಾಡಿಯ ಹಾದಿಯೂ ಉಂಟು. ಮಂಗಳೂರಿನಿಂದ ಉಡುಪಿಗೆ 60 ಕಿಲೋಮೀಟರಿನೊಳಗೆ. ಅಲ್ಲಿಂದ ಮಲ್ಪೆ ತೀರಾ ಹತ್ತಿರ. ದೋಣಿಗಳು ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇವರೆಗೆ ಓಡುತ್ತವೆ. ಜನ ತುಂಬಿದ ಮೇಲೆ ಹೊರಡುವುದರಿಂದ ಕಾಯುವ ತಾಳ್ಮೆ ಬೇಕು. ಹವೆ ಕೆಟ್ಟರೆ ಯಾವ ತಿಂಗಳಲ್ಲಾದರೂ ನಿಲ್ಲಿಸಬಹುದು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಕುಡಿಯುವ ನೀರು, ಟೋಪಿ ಜೊತೆಗಿರಲಿ. ಜಾರದ ಚಪ್ಪಲಿ ಹಾಕಿಕೊಳ್ಳಿ, ಬಂಡೆಯ ಮೇಲೆ ಪಾಚಿ ಕಟ್ಟಿರುತ್ತದೆ.

ನೀರಿಗಿಳಿಯುವ ಆಸೆಯನ್ನು ದಡದಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಬಂಡೆಗಳ ನಡುವೆ ಸುಳಿಯುವ ಸಮುದ್ರದ ಸೆಳೆತ ಗೊತ್ತಿರುವುದಿಲ್ಲ. ಸೆಲ್ಫಿಗೆಂದು ಅಂಚಿನ ಕಂಬ ಹತ್ತಿ, ಅಲೆ ಬಡಿದು ಪ್ರಾಣ ಕಳೆದುಕೊಂಡವರೂ ಇದ್ದಾರೆ. ಸಿಬ್ಬಂದಿ ‘ಅಲ್ಲಿಗೆ ಹೋಗಬೇಡಿ’ ಎಂದರೆ ವಾದಕ್ಕಿಳಿಯದೆ ಹಿಂದೆ ಬನ್ನಿ.

ಇನ್ನೊಂದು ಮಾತು. ಕಂಬದ ಮೇಲೆ ಹೆಸರು ಕೆತ್ತಬೇಡಿ, ಕಲ್ಲಿನ ತುಂಡು, ಚಿಪ್ಪುಗಳನ್ನು ಚೀಲಕ್ಕೆ ಹಾಕಿಕೊಳ್ಳಬೇಡಿ, ತಿಂದ ಪೊಟ್ಟಣ, ಕುಡಿದ ಬಾಟಲಿಯನ್ನು ವಾಪಸ್ ಮಲ್ಪೆಗೆ ತನ್ನಿ. ತೆಂಗಿನ ಮರ ಬಿದ್ದರೆ ಆ ಜಾಗಕ್ಕೆ ಇನ್ನೊಂದು ಸಸಿ ನೆಡಬಹುದು. ಇಲ್ಲಿ ಒಂದು ಕಂಬ ಮುರಿದರೆ ಮತ್ತೆ ನಿಲ್ಲಿಸಲು ಯಾರಿಂದಲೂ ಆಗದು.