ಬುತ್ತಿ ಕಟ್ಟಿದವಳೂ ಬೆಟ್ಟ ಹತ್ತಿದಳು

ನಿಮ್ಮ ಅಡಿಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ? ಪಕ್ಕದ ಮನೆಯ ಗೋಡೆಯೇ? ಹಿತ್ತಿಲ ಬಾಳೆಗಿಡವೇ? ಕೊಡಗಿನ ಕಕ್ಕಬೆಯಲ್ಲಿರುವ ನನ್ನ ಗೆಳತಿಯ ಅಡಿಗೆಮನೆ ಕಿಟಕಿಯಿಂದ ಒಂದು ಬೆಟ್ಟವೇ ಕಾಣುತ್ತದೆ. ಅಂತಿಂಥ ಬೆಟ್ಟವಲ್ಲ, ಇಡೀ ಕೊಡಗಿಗೇ ಎತ್ತರದ ತಡಿಯಂಡಮೋಳ್. ಎತ್ತರ 1748 ಮೀಟರು, ಹಳೆಯ ಲೆಕ್ಕದಲ್ಲಿ 5735 ಅಡಿ.

ಮೈಸೂರಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಮದುವೆಯಾಗಿ ಅವಳು ಕಾಫಿ ತೋಟದ ಮನೆ ಸೇರಿದಳು, ನಾನು ಬಯಲುಸೀಮೆಯ ಸಣ್ಣ ಊರು ಸೇರಿದೆ. ಎರಡು ವರ್ಷದ ಹಿಂದೆ ಅವಳ ಮನೆಗೆ ಹೋದಾಗ, ಕಾಫಿ ಕುಡಿಯುತ್ತಾ ಕೇಳಿದೆ, "ಆ ಬೆಟ್ಟದ ಮೇಲಿಂದ ಏನೇನು ಕಾಣುತ್ತೇ?"

"ನನಗೇನು ಗೊತ್ತು?" ಎಂದಳು. "ಮೂವತ್ತು ವರ್ಷದಿಂದ ನೋಡ್ತಾ ಇದೀನಿ ಕಣೇ. ಒಂದ್ಸಲಾನೂ ಹತ್ತಿಲ್ಲ. ಆದ್ರೆ ಈ ಮನೆಯಿಂದ ಬೆಟ್ಟಕ್ಕೆ ಹೋದವರ ಬುತ್ತಿ ಮಾತ್ರ ಎಲ್ಲಾ ನಾನೇ ಕಟ್ಟಿದ್ದು!"

ಮೈದುನ ಹೋದ, ಗಂಡ ಹೋದರು, ಮಕ್ಕಳು ಹೋದರು, ಮಕ್ಕಳ ಸ್ನೇಹಿತರು ದಂಡು ಕಟ್ಟಿಕೊಂಡು ಹೋದರು. ಇವಳು ನಸುಕಿನಲ್ಲೆದ್ದು ರೊಟ್ಟಿ ತಟ್ಟಿದಳು, ಚಟ್ನಿ ಅರೆದಳು, ಸಂಜೆ ಬಂದವರಿಗೆ ಬಿಸಿನೀರು ಕಾಯಿಸಿದಳು. "ನೀನೂ ಬಾ" ಎಂದು ಯಾರೂ ಕರೆಯಲಿಲ್ಲ. ಬೇಡವೆಂದಲ್ಲ, ಯಾರಿಗೂ ತೋಚಲಿಲ್ಲ. ಅವಳಿಗೇ ತೋಚಲಿಲ್ಲ!

ನಗಬೇಡಿ ಸೋದರಿಯರೇ. ನಮ್ಮಲ್ಲಿ ಎಷ್ಟು ಜನ ಇಂಥ ಬುತ್ತಿ ಕಟ್ಟಿದವರಲ್ಲ?

ಮೊದಲ ಸಲ ಸೋತು ಬಂದೆವು

ಆ ಸಲವೇ ಹೊರಟೆವು. ಅಕ್ಟೋಬರ್ ತಿಂಗಳು. ತಯಾರಿ ಇಲ್ಲ, ಕಾಲಿಗೆ ಮನೆಯಲ್ಲಿ ಮೆಟ್ಟುವ ಚಪ್ಪಲಿ. ಅರ್ಧ ದಾರಿಗೆ ಮಂಜು ಮುಚ್ಚಿತು, ಮಳೆಯೂ ಹನಿಯಿತು. ನನ್ನ ಮಂಡಿ ಮುಷ್ಕರ ಹೂಡಿತು, ಅವಳಿಗೆ ಏದುಸಿರು. ಇಬ್ಬರೂ ಮುಖ ಮುಖ ನೋಡಿಕೊಂಡು ಹಿಂದಿರುಗಿದೆವು. ಮನೆಯಲ್ಲಿ ಹುಡುಗರು, "ಏನಮ್ಮಾ, ಶಿಖರ ಸಿಕ್ಕಿತಾ?" ಎಂದು ನಕ್ಕರು. ಅವಳು ಮಾತಾಡದೆ ಒಲೆಯ ಮುಂದೆ ನಿಂತಳು. ಆ ಮುಖ ನನಗೆ ಮರೆಯಲಿಲ್ಲ.

ಊರಿಗೆ ಬಂದ ಮೇಲೆ ಅವಳಿಗೆ ಫೋನು ಮಾಡಿದೆ. "ಬರುವ ವರ್ಷ ಪುತ್ತರಿ ಮುಗಿದ ಮೇಲೆ, ರೋಬಸ್ಟಾ ಕೊಯ್ಲಿಗೆ ಮುಂಚೆ ಮತ್ತೆ ಹೋಗೋಣ. ಅಲ್ಲೀತನಕ ಅಭ್ಯಾಸ ಮಾಡೋಣ." ಅವಳು ತೋಟದ ದಾರಿಯಲ್ಲಿ, ನಾನು ನಮ್ಮೂರ ಕೆರೆ ಏರಿಯ ಮೇಲೆ, ದಿನಾ ಬೆಳಿಗ್ಗೆ ನಡೆದೆವು. ಮೊದಲು ಅರ್ಧ ಮೈಲಿಗೇ ಸುಸ್ತು. ಮೂರು ತಿಂಗಳಲ್ಲಿ ಎರಡು ಮೈಲಿ ಸಲೀಸಾಯಿತು. ಮೂವತ್ತು ವರ್ಷದಿಂದ ಆ ಊರಲ್ಲಿದ್ದರೂ, ಕೆರೆಗೆ ಬೆಳ್ಳಕ್ಕಿ ಯಾವ ಹೊತ್ತಿಗೆ ಬರುತ್ತದೆಂದು ನನಗೆ ಗೊತ್ತಾದದ್ದು ಆಗಲೇ! ಬೆಟ್ಟಕ್ಕೆ ಹೋಗಲಾಗದವರಿಗೂ ಇಷ್ಟು ಲಾಭ ಕಟ್ಟಿಟ್ಟದ್ದು.

ಕಕ್ಕಬೆ ಎಂಬ ಊರು

ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬೆಗೆ ಸುಮಾರು 35 ಕಿಲೋಮೀಟರು. ವಿರಾಜಪೇಟೆ ಕಡೆಯಿಂದಲೂ ದಾರಿಯಿದೆ. ಬಸ್ಸುಗಳು ಕಡಿಮೆ, ವೇಳೆ ವಿಚಾರಿಸಿಕೊಂಡೇ ಹೊರಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಖಾಸಗಿ ಬಸ್ಸಿಗೆ ಮಾತ್ರ ಕೈಯಲ್ಲಿ ಚಿಲ್ಲರೆ ಇರಲಿ.

ಒಂದು ಕಾಲಕ್ಕೆ ಈ ಊರು ಜೇನಿಗೆ ಬಲು ಹೆಸರುವಾಸಿ. ಮನೆಮನೆಯ ಹಿತ್ತಿಲಲ್ಲೂ ಜೇನುಪೆಟ್ಟಿಗೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆಲ್ಲ ಹಬ್ಬಿ, ಹುಳುಗಳ ಮರಿಗಳು ಗೂಡಿನಲ್ಲೇ ಸತ್ತು, ಸಾವಿರಾರು ಪೆಟ್ಟಿಗೆಗಳು ಬರಿದಾದವು. ಗೆಳತಿಯ ಅತ್ತೆಯೂ ಆಗ ಪೆಟ್ಟಿಗೆಗಳನ್ನು ಕಳೆದುಕೊಂಡವರೇ.

ಬೆಟ್ಟಕ್ಕೆ ಹೋಗುವ ಮುನ್ನ ಪಾಡಿ ಇಗ್ಗುತ್ತಪ್ಪನಿಗೆ ಕೈ ಮುಗಿಯುವುದು ಅಲ್ಲಿಯ ವಾಡಿಕೆ. ಮಳೆ ಬೆಳೆಗೆ ಒಡೆಯನೆಂದು ಕೊಡವರು ನಂಬಿದ ದೇವರು. ಹೊಸ ಬತ್ತದ ತೆನೆ ಮನೆಗೆ ತರುವ ಪುತ್ತರಿ ಹಬ್ಬಕ್ಕೆ ದಿನ ಗೊತ್ತು ಮಾಡುವುದು ಈ ದೇವಸ್ಥಾನದಲ್ಲೇ.

ಅರಮನೆಯ ಅಂಗಳದಲ್ಲಿ

ಕಕ್ಕಬೆಯಿಂದ ಮುಂದೆ, ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ. ಚಾರಣ ಇಲ್ಲಿಂದಲೇ ಆರಂಭ. ಅರಮನೆ ಎಂದಾಕ್ಷಣ ಮೈಸೂರಿನದನ್ನು ನೆನೆಯಬೇಡಿ. ಎರಡು ಅಂತಸ್ತಿನ, ದೊಡ್ಡ ತೊಟ್ಟಿಮನೆಯಂಥ ಕಟ್ಟಡ. ಕೆತ್ತನೆಯ ಮರದ ಕಂಬಗಳು, ಗೋಡೆಯ ಮೇಲೆ ಮಾಸಿದ ಚಿತ್ರಗಳು. ಟಿಪ್ಪೂ ಸುಲ್ತಾನನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. 1796ರಲ್ಲಿ ಮಹದೇವಮ್ಮಾಜಿಯೊಡನೆ ಅವನ ಮದುವೆ ನಡೆದದ್ದೂ ಇಲ್ಲೇ.

1834ರಲ್ಲಿ ಇಂಗ್ಲಿಷರ ದಂಡು ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಬಂದು ಅಡಗಿದ್ದೂ ಈ ಮನೆಯಲ್ಲೇ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಇವನ ಕಥೆ ಗೊತ್ತು. ಅವನನ್ನು ಕಾಶಿಗೆ ಸಾಗಿಸಿದರು. ಅಲ್ಲಿ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನು 1852ರಲ್ಲಿ ಲಂಡನ್ನಿಗೆ ಕರೆದೊಯ್ದ. ವಿಕ್ಟೋರಿಯಾ ರಾಣಿ ಮುಂದೆ ನಿಂತು ಆ ಮಗುವಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು. 1864ರಲ್ಲಿ, ಇಪ್ಪತ್ಮೂರು ತುಂಬುವ ಮುನ್ನವೇ, ಗೌರಮ್ಮ ಅಲ್ಲೇ ತೀರಿಕೊಂಡಳು. ಕೊಡಗಿನ ರಾಜಕುಮಾರಿ ಕೊಡಗನ್ನು ಕಣ್ಣಿಂದ ಕಾಣಲೇ ಇಲ್ಲ.

ಅಂಗಳದಲ್ಲಿ ನಿಂತು ಇದನ್ನೆಲ್ಲ ಹೇಳಿದಾಗ ಗೆಳತಿ ಸುಮ್ಮನಿದ್ದಳು. ಆಮೇಲೆ, "ಅವಳಿಗೆ ನೋಡೋ ಹಾಗಿರಲಿಲ್ಲ. ನನಗೆ ಯಾರು ಬೇಡ ಅಂದಿದ್ರು? ನಡಿ ಹೋಗೋಣ" ಎಂದಳು.

ತುದಿಯವರೆಗೆ

ಅರಮನೆಯಿಂದ ತುದಿಗೆ ಸುಮಾರು ನಾಲ್ಕು ಮೈಲಿ. ಮೊದಲ ಭಾಗ ಮರಗಳ ನಡುವಣ ಅಗಲವಾದ ಹಾದಿ. ನಡುವೆ ಹಳ್ಳ, ಜೀರುಂಡೆಯ ಸದ್ದು. ಅರ್ಧ ದಾರಿಯಲ್ಲಿ ಒಂದು ಭಾರೀ ಬಂಡೆ ಸಿಗುತ್ತದೆ. ಎಲ್ಲರೂ ಕೂತು ದಣಿವಾರಿಸಿಕೊಳ್ಳುವ ಜಾಗ. ಹಿಂದಿನ ವರ್ಷ ನಾವು ಸೋತು ತಿರುಗಿದ್ದು ಇಲ್ಲಿಂದಲೇ. ಈ ಸಲ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಎದ್ದೆವು. ಬಂಡೆ ದಾಟಿದರೆ ಹುಲ್ಲುಗಾವಲು, ಅಲ್ಲಲ್ಲಿ ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಆ ಹುಲ್ಲು ಮಳೆನೀರನ್ನು ಹೀರಿಕೊಂಡು ಮೆಲ್ಲಗೆ ಬಿಡುವುದರಿಂದಲೇ ಕೆಳಗಿನ ತೊರೆಗಳು ಬೇಸಿಗೆಯಲ್ಲೂ ಹರಿಯುತ್ತವೆ.

ಕೊನೆಯ ಏರು ಮಾತ್ರ ಕಡಿದು. ಐವತ್ತು ಹೆಜ್ಜೆ, ಒಂದು ನಿಮಿಷ ನಿಲ್ಲು. ಮತ್ತೆ ಐವತ್ತು ಹೆಜ್ಜೆ. ಕಾಲೇಜು ಹುಡುಗರು ದಾಪುಗಾಲಿಟ್ಟು ನಮ್ಮನ್ನು ದಾಟಿ ಹೋದರು. ಹೋಗಲಿ ಬಿಡಿ, ಬೆಟ್ಟವೇನು ಓಡಿಹೋಗುತ್ತದೆಯೇ? ಬೆಳಿಗ್ಗೆ ಏಳಕ್ಕೆ ಹೊರಟವರು ಹನ್ನೊಂದೂವರೆಗೆ ತುದಿಯಲ್ಲಿದ್ದೆವು.

ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರದ ಗೆರೆಯೂ ಕಾಣುತ್ತದೆನ್ನುತ್ತಾರೆ. ಆ ಕಡೆ ನಮಗೆ ಕಂಡದ್ದು ಬರೀ ಹಾಲಿನಂಥ ಮಂಜು. ಆದರೆ ಗೆಳತಿ ಸಮುದ್ರ ನೋಡಲು ಹೋಗಲೇ ಇಲ್ಲ. ಕಕ್ಕಬೆಯ ಕಡೆಗೆ ತಿರುಗಿ, ಹಣೆಗೆ ಕೈ ಅಡ್ಡ ಹಿಡಿದು ತನ್ನ ಮನೆ ಹುಡುಕುತ್ತಿದ್ದಳು. ಗದ್ದೆ ಬಯಲು ಸಿಕ್ಕಿತು, ರಸ್ತೆಯ ತಿರುವು ಸಿಕ್ಕಿತು, ಮನೆ ಮರಗಳಲ್ಲಿ ಮುಚ್ಚಿಹೋಗಿತ್ತು. "ಅಷ್ಟೇನಾ ಕಣೇ? ಅಷ್ಟು ಚಿಕ್ಕ ಜಾಗದಲ್ಲಾ ನಾನು ಇಷ್ಟು ಓಡಾಡಿದ್ದು?" ಎಂದು ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಂದು ಬುತ್ತಿ ಕಟ್ಟಿದವರು ಯಾರು ಗೊತ್ತೇ? ಅವಳ ಮಗ! ಅಕ್ಕಿರೊಟ್ಟಿಯ ಅಂಚು ತುಸು ಸೀದಿತ್ತು. ಒಂದು ಚೂರೂ ಉಳಿಸದೆ ತಿಂದೆವು.

ನೀವು ಹೊರಡುವುದಾದರೆ

ಅಕ್ಟೋಬರ್ ಕೊನೆಯಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಾದಿ ಜಾರುತ್ತದೆ, ಇಂಬಳದ ಕಾಟ. ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಶುಲ್ಕ, ವೇಳೆ, ಬುಕಿಂಗ್ ಎಲ್ಲವನ್ನೂ ಮೊದಲೇ ವಿಚಾರಿಸಿ. ಬೆಳಿಗ್ಗೆ ಬೇಗ ಹತ್ತಿ, ಬೆಳಕಿರುವಾಗಲೇ ಇಳಿದುಬಿಡಿ. ಆನೆ ಓಡಾಡುವ ಸೀಮೆ ಅದು. ಒಬ್ಬೊಬ್ಬರೇ ಹೋಗಬೇಡಿ.

ಕಾಲಿಗೆ ಹಿಡಿತವಿರುವ ಬೂಟು, ಹತ್ತಿಯ ಕಾಲುಚೀಲ ಇರಲಿ. ಸೀರೆಗಿಂತ ಚೂಡಿದಾರ್ ವಾಸಿ. ಗೆಳತಿ ಸೀರೆಯನ್ನೇ ಉಟ್ಟಿದ್ದಳು, ಆದರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ತೆಳು ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಒದ್ದೆ ಮಾಡಿಟ್ಟುಕೊಳ್ಳಿ. ಇಂಬಳಕ್ಕೆ ಮುಟ್ಟಿಸಿದರೆ ಉದುರುತ್ತದೆ. ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಜಿನುಗುತ್ತದೆ. ಗಾಬರಿ ಬೇಡ, ಹತ್ತಿಯಿಂದ ಒತ್ತಿ ಹಿಡಿಯಿರಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಪ್ಲಾಸ್ಟಿಕ್ ಒಯ್ಯಬೇಡಿ.

ಹತ್ತಿರದ ಚೇಲಾವರ ಜಲಪಾತವನ್ನೂ ನೋಡಬಹುದು. ದೂರದಿಂದ ಮಾತ್ರ! ಅದರ ಬುಡದ ಗುಂಡಿ ಬಹಳ ಆಳ, ಅನೇಕರು ಜೀವ ಕಳೆದುಕೊಂಡಿದ್ದಾರೆ. ಮಕ್ಕಳನ್ನು ನೀರಿಗಿಳಿಯಲು ಬಿಡಬೇಡಿ.

ಬುತ್ತಿಗೆ ಹುಳಿಯಾಗದ ಮೊಸರನ್ನ: ಒಂದು ಪಾವು ಅಕ್ಕಿಯ ಮೆತ್ತನೆ ಅನ್ನವನ್ನು ಬಿಸಿಯಿರುವಾಗಲೇ ಮಸೆದು, ಕಾಯಿಸಿದ ಹಾಲು ಎರಡು ಪಾವು ಹಾಕಿ ಕಲಸಿ. ಚೆನ್ನಾಗಿ ಆರಿದ ಮೇಲೆ ಒಂದೇ ಚಮಚ ಮೊಸರು, ಉಪ್ಪು, ಶುಂಠಿ, ಹಸಿಮೆಣಸಿನ ಒಗ್ಗರಣೆ ಸೇರಿಸಿ. ಮಧ್ಯಾಹ್ನದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಇಷ್ಟೆಲ್ಲ ಓದಿ, "ನಮಗೆಲ್ಲಿ ಸಾಧ್ಯವಮ್ಮಾ?" ಎನ್ನುತ್ತೀರಾ? ತಡಿಯಂಡಮೋಳ್ ದೂರವಾದರೆ ಬೇಡ. ನಿಮ್ಮೂರಿನ ಸುತ್ತಲೂ ಒಂದು ಗುಡ್ಡವೋ ಕೆರೆಯೋ ಇದ್ದೇ ಇರುತ್ತದೆ. ಬರುವ ಭಾನುವಾರ ಮನೆಯವರು ಹೊರಟಾಗ ಬುತ್ತಿಯನ್ನು ಅವರ ಕೈಗೆ ಕೊಟ್ಟು ಬಾಗಿಲಲ್ಲಿ ನಿಲ್ಲಬೇಡಿ. ಚಪ್ಪಲಿ ಮೆಟ್ಟಿಕೊಂಡು ನೀವೂ ಹೊರಡಿ. ಬಾಗಿಲಿಗೆ ಬೀಗ ಹಾಕುವುದನ್ನು ಮಾತ್ರ ಮರೆಯಬೇಡಿ!