ಸುಳಿಯ ಜಾಡು ತೋರುವ ಬೆಳಕು

ಗದ್ವಾಲ ಸೀಮೆಯ ಧರೂರು ಮಂಡಲದ ರೇವುಲಪಲ್ಲಿ ಬಳಿ ಕೃಷ್ಣೆಗೆ ಜುರಾಲಾ ಅಣೆಕಟ್ಟು ಅಡ್ಡ ನಿಂತಿದೆ. ಅಲ್ಲಿನ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 234 ಮೆಗಾವಾಟ್. ಅಲ್ಲಿ ಹುಟ್ಟಿದ ಕರೆಂಟು ತಂತಿಯಲ್ಲಿ ಸಾಗುತ್ತ ದಾರಿಯಲ್ಲೇ ಒಂದಿಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ತಾಮ್ರವಿರಲಿ, ಅಲ್ಯೂಮಿನಿಯಂ ಇರಲಿ, ಈ ಸುಂಕ ತಪ್ಪದು. ಸುಂಕ ಕೇಳದೆ ಕರೆಂಟು ಹರಿಸುವ ವಸ್ತುವೇ ಅತಿವಾಹಕ.

1911ರಲ್ಲಿ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ನೆಸ್ ಪಾದರಸದಲ್ಲಿ ಈ ಗುಣ ಕಂಡಾಗ ಅದನ್ನು ಮೈನಸ್ 269 ಡಿಗ್ರಿಗೆ ತಣಿಸಬೇಕಾಗಿತ್ತು. 1986ರಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ದಾರಿ ತೆರೆದರು. ಮರುವರ್ಷವೇ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಕೂಡಿದ ವಸ್ತು ದ್ರವ ಸಾರಜನಕದ ತಂಪಿಗೇ, ಅಂದರೆ ಮೈನಸ್ 196 ಡಿಗ್ರಿಗೇ, ಒಲಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ 1987ರಲ್ಲೇ ಇದನ್ನು ತಯಾರಿಸಿತು.

ಇದರ ಒಳ್ಳೆಯ ತೆಳುಪದರ ಆ ತಂಪಿನಲ್ಲಿ ಚದರ ಸೆಂಟಿಮೀಟರಿಗೆ 10 ಲಕ್ಷ ಆಂಪಿಯರಿಗೂ ಹೆಚ್ಚು ಕರೆಂಟು ಹೊರಬಲ್ಲದು. ಆದರೆ ಕಾಂತಕ್ಷೇತ್ರ ಇದರೊಳಗೆ ಸಣ್ಣ ಸಣ್ಣ ಸುಳಿಗಳಾಗಿ ನುಸುಳುತ್ತದೆ. ಕರೆಂಟು ಆ ಸುಳಿಗಳನ್ನು ತಳ್ಳುತ್ತದೆ. ಸುಳಿ ಜರುಗಿತೆಂದರೆ ಶಕ್ತಿ ಮತ್ತೆ ಬಿಸಿಯಾಗಿ ವ್ಯರ್ಥ. ಸುಳಿಯನ್ನು ಅಲ್ಲಾಡದಂತೆ ಹಿಡಿದಿಡುವುದು ಪದರದೊಳಗಿನ ಅತಿಸಣ್ಣ ಕೊರತೆಗಳೇ. ಅದೇ ಕೊರತೆ ಬಿರುಕಾಗಿ ಬೆಳೆದರೆ ಕರೆಂಟಿನ ದಾರಿ ಕಡಿಯುತ್ತದೆ. ಯಾವುದು ಆಸರೆ, ಯಾವುದು ಕೇಡು ಎಂದು ತಿಳಿಯಬೇಕಾದರೆ ಕಾಂತಕ್ಷೇತ್ರವನ್ನೇ ಕಣ್ಣಾರೆ ನೋಡಬೇಕು.

ಇಲ್ಲಿ ನೆರವಿಗೆ ಬರುವುದು 1845ರಲ್ಲಿ ಮೈಕೆಲ್ ಫ್ಯಾರಡೆ ಕಂಡ ಸಂಗತಿ: ಪಾರದರ್ಶಕ ವಸ್ತುವಿನೊಳಗೆ ಸಾಗುವ ಧ್ರುವೀಕೃತ ಬೆಳಕಿನ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನ, ಕಂಪನದ ದಿಕ್ಕನ್ನು ಕಾಂತಕ್ಷೇತ್ರ ತಿರುಗಿಸುತ್ತದೆ. ತಣಿಸಿದ ಪದರದ ಮೇಲೆ ಬೆಳಕನ್ನು ಹೀಗೆ ತಿರುಗಿಸುವ ಗಾರ್ನೆಟ್ ಹರಳಿನ ತೆಳು ಹಾಳೆ ಇಟ್ಟು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕ್ಷೇತ್ರ ನುಗ್ಗಿದ ಕಡೆ ಬೆಳ್ಳಗೆ, ತಡೆದ ಕಡೆ ಕಪ್ಪಗೆ ಕಾಣುತ್ತದೆ. ಚೌಕ ಪದರ ಸೊಗಸಾಗಿದ್ದರೆ ಕ್ಷೇತ್ರ ನಾಲ್ಕೂ ಅಂಚುಗಳ ನಡುವಿನಿಂದ ಸಮನಾಗಿ ಒಳಬರುತ್ತದೆ. ಮೂಲೆಯಿಂದ ಮೂಲೆಗೆ ಕಪ್ಪು ಗೆರೆಗಳು ಉಳಿದು ಲಕೋಟೆಯ ಬೆನ್ನಿನಂತೆ ತೋರುತ್ತದೆ. ಬಿರುಕಿದ್ದರೆ ಅದರಗುಂಟ ಬಿಳಿ ಗೆರೆ ಒಳಕ್ಕೆ ಓಡುತ್ತದೆ, ಕೆರೆಯ ಏರಿಯಲ್ಲಿ ಬಿಲವಿದ್ದ ಜಾಗವನ್ನು ಒಸರುವ ನೀರು ತೋರಿಸುವಂತೆ. ಪದರ ಎಷ್ಟು ಕರೆಂಟು ಹೊರುತ್ತದೆಂದು ಮೀಟರು ಹೇಳೀತು. ಎಲ್ಲಿ ಸೋಲುತ್ತದೆಂದು ತೋರಿಸುವುದು ಈ ಚಿತ್ರ. ಅದೂ ಪದರವನ್ನು ಕತ್ತರಿಸದೆ, ಕೆಡಿಸದೆ.

ಗದ್ವಾಲ, ರಾಯಚೂರು ಸೀಮೆಯ ಭೌತಶಾಸ್ತ್ರ ಅಧ್ಯಾಪಕರು ಫ್ಯಾರಡೆಯ ಪಾಠ ಮಾಡುವಾಗ ಇಂಥ ಚಿತ್ರವೊಂದನ್ನು ಮಕ್ಕಳ ಮುಂದಿಡಲಿ. ಕೃಷ್ಣೆಯ ಸುಳಿ ಕಂಡು ಬೆಳೆದವರಿಗೆ ಈ ಸುಳಿಯೂ ಬೇಗ ಅರ್ಥವಾಗುತ್ತದೆ.